ಮೊಳೆಗೆ ಹಾಕಿದ ಜಾಕೆಟ್

ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ. ಫಿನ್ಲೆಂಡಿನ ನಮ್ಮ ಸರೋವರದಲ್ಲಿ ಮಂಜುಗಡ್ಡೆ ಕರಗಿ ವಾರವಷ್ಟೇ ಆಗಿತ್ತು. ಆ ಮಧ್ಯಾಹ್ನ ಗಾಳಿ ಜೋರಾಗಿದ್ದರೂ ಹೆಂಡತಿಯ ತಮ್ಮ ಇಲ್ಮೊನ ಜೊತೆ ಬಲೆ ಎತ್ತಲು ಹೋದೆ.

“ಏನ್ ಭಾವ, ಈ ಹೊಟ್ಟೆಗೂ ಲೈಫ್ ಜಾಕೆಟ್ ಬೇಕಾ? ನೀವು ಹೇಗೂ ತೇಲ್ತೀರಾ!” ಎಂದು ನಕ್ಕ, ಜಾಕೆಟ್ಟೇ ತೊಡದ ಆ ಸಣಕಲ. ದೋಣಿಯಲ್ಲಿ ಎದ್ದು ನಿಂತು ಬಲೆ ಎಳೆಯುವಾಗ ಅಲೆ ಬಡಿದು ನೀರಿಗೆ ಬಿದ್ದ.

ಹಗ್ಗ ನನ್ನ ಕೈಯಲ್ಲೇ ಇತ್ತು. “ಜಾಕೆಟ್ ಬೇಕು ಅನ್ನು, ಹಗ್ಗ ಎಸೀತೀನಿ,” ಎಂದೆ. ಚಳಿಗೆ ಅವನ ನಾಲಿಗೆ ಹೊರಳಲಿಲ್ಲ. ನಾನು ಕಾದೆ.

ದಡಕ್ಕೆ ತಂದಾಗ ಉಸಿರಿತ್ತು. “ಸುಮ್ನೆ ಮಲಗ್ಸಿ, ಭಾವ,” ಎಂದು ತೊದಲಿದ. ನಮ್ಮಲ್ಲಿ ಯಾವ ಚಳಿಗೂ ಸೌನಾದ, ಅಂದರೆ ಮರದ ಹಬೆಕೋಣೆಯ, ಬಿಸಿಯೇ ಮದ್ದು. ಮೇಲಿನ ಹಲಗೆಗೆ ಹತ್ತಿಸಿ, ಕೆಂಡದಂಥ ಕಲ್ಲುಗಳ ಮೇಲೆ ನೀರು ಸುರಿದೆ. ಮೂರನೆಯ ಸೌಟಿಗೆ ಅವನ ಎದೆಬಡಿತ ನಿಂತಿತು; ಅಷ್ಟು ತಣ್ಣಗಾದ ಮೈಗೆ ಒಮ್ಮೆಲೇ ಬಿಸಿ ತಾಗಿಸಬಾರದಂತೆ.

“ನೀರಲ್ಲಿ ಎಷ್ಟು ಹೊತ್ತಿದ್ದ?” ಎಂದು ಹೆಂಡತಿ ಈಗಲೂ ಕೇಳುತ್ತಾಳೆ. “ಒಂದೇ ನಿಮಿಷ ಕಣೇ,” ಎನ್ನುತ್ತೇನೆ.

ಅಂದಿನಿಂದ ವಸಂತದಲ್ಲಿ ಗಾಳಿ ಎದ್ದ ದಿನ, ಸೌನಾದ ಹೊರಗಿನ ಮೊಳೆಗೆ ಹಾಕಿದ ನನ್ನ ಜಾಕೆಟ್ ಆ ಹಲಗೆಯ ಮೇಲೆ ಸಿಗುತ್ತದೆ. ಸೌನಾದಲ್ಲಿ ಎಂಬತ್ತು ಡಿಗ್ರಿ ಕಾವಿದ್ದರೂ ಅದು ತೊಯ್ದು ತೊಪ್ಪೆಯಾಗಿ, ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿರುತ್ತದೆ. ಬಕಲ್ಲುಗಳೆಲ್ಲ ಮುಚ್ಚಿರುತ್ತವೆ, ಪಟ್ಟಿಗಳು ಸಣಕಲು ಎದೆಯ ಅಳತೆಗೆ ಬಿಗಿದಿರುತ್ತವೆ. ಪ್ರತಿ ಸಲ ಪಟ್ಟಿಗಳನ್ನು ಪೂರ್ತಿ ಸಡಿಲಿಸಿ ಮತ್ತೆ ಮೊಳೆಗೆ ಹಾಕುತ್ತೇನೆ.

ನಿನ್ನೆಯೂ ಗಾಳಿ ಎದ್ದಿತು. ನಿನ್ನೆ ಪಟ್ಟಿಗಳು ನನ್ನ ಹೊಟ್ಟೆಯ ಅಳತೆಗೆ ಬಿಗಿದಿದ್ದವು.