ಪಕ್ಕದ ನಂಬರ್

ಹೇಳಲು ನಾಚಿಕೆಯಾಗುತ್ತದೆ. ಸ್ಫಾಕ್ಸ್ ಎಂಬ ಕಡಲತೀರದ ಊರಿನ ರಕ್ತಪರೀಕ್ಷಾ ಕೇಂದ್ರವೊಂದಕ್ಕೆ ವರದಿ ತೋರಿಸುವ ಜಾಲತಾಣ ಮಾಡಿದವನು ನಾನೇ. ಲಿಂಕಿನಲ್ಲಿ ರೋಗಿಯ ನಂಬರ್ ಬೆತ್ತಲೆಯಾಗಿತ್ತು.

"ಅದನ್ನ ಗೂಢಲಿಪಿ ಮಾಡೋ, ಮಾರಾಯ" ಎಂದಿದ್ದಳು ಸಹೋದ್ಯೋಗಿ ವಿದಾದ್.

"ಯಾರು ನೋಡ್ತಾರೆ, ಬಿಡೇ" ಅಂದಿದ್ದೆ.

ಮದುವೆಗೆ ಮುಂಚೆ ವಧೂವರರು ಒಟ್ಟಿಗೇ ರಕ್ತ ಕೊಡುತ್ತಾರೆ. ಅಕ್ಕಪಕ್ಕದ ನಂಬರ್ ಬೀಳುತ್ತದೆ. ಒಬ್ಬ ವರನ ತಾಯಿ ಮಗನ ಲಿಂಕಿನ ಕೊನೆಯ ಅಂಕಿ ಬದಲಿಸಿ, ವಧು ದೊರ್ಸಾಫಳ ಕಾಯಿಲೆ ಓದಿದಳು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು. ದೊರ್ಸಾಫ್ ಕಡಲಿಗೆ ಹಾರಿದಳು.

ಮರುದಿನವೇ ಎಲ್ಲ ನಂಬರುಗಳನ್ನೂ ಗೂಢಲಿಪಿಗೆ ತಿರುಗಿಸಿದೆ; ಅವಳ ಪುಟವನ್ನು ನಾನೂ ವಿದಾದ್‌ಳೂ ಸೇರಿ ಅಳಿಸಿಹಾಕಿದೆವು. ಆದರೂ ದಿನಾ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಅವಳ ಹಳೆಯ ಲಿಂಕನ್ನು ಯಾರೋ ತೆರೆಯುತ್ತಾರೆ. ಆಗ ನನ್ನ ಕೀಲಿಮಣೆ ಒದ್ದೆಯಾಗಿರುತ್ತದೆ, ಉಪ್ಪುಪ್ಪು.

"ಈ ಪುಟ ಅಳಿಸಿದ್ವಲ್ಲೋ!" ಎಂದು ನಿನ್ನೆ ವಿದಾದ್ ಚೀರಿದಳು.

ನೋಡಿದೆ. ವರದಿ ಖಾಲಿ. ಹೆಸರಿನ ಜಾಗದಲ್ಲಿ, ನಾನು ಬಾಯಲ್ಲಷ್ಟೇ ಆಡಿದ್ದ, ಎಲ್ಲೂ ಬರೆಯದ ಮಾತಿತ್ತು: "ಯಾರು ನೋಡ್ತಾರೆ, ಬಿಡೇ."