ಕೋಟೆ ರಿಪೇರಿಗೆ ಬಂದ ಓವರ್‌ಸಿಯರ್

"ಅದ್ಯಾಕ್ರೀ ಕಲ್ಲು ಕೀಳ್ತಿದೀರ? ಕೋಟೆ ಏನು ನಿಮ್ಮನೆ ಹಿತ್ಲಾ?"

ಮಡಿಕೇರಿ ಕೋಟೆಯ ಗೋಡೆಗೆ ಹಾರೆ ಹಾಕಿದ್ದ ಓವರ್‌ಸಿಯರ್ ಪುಟ್ಟಸ್ವಾಮಿ ತಿರುಗಿ ನೋಡಿದ. ಬೈದವಳು ಕಾಂತಮ್ಮ. ಕೋಟೆಯೊಳಗಿನ ಹಳೇ ಅರಮನೆಯಲ್ಲಿ ನಡೆಯುತ್ತಿದ್ದ ಸರ್ಕಾರಿ ಕಚೇರಿಯ ಟೈಪಿಸ್ಟ್.

"ಕಲ್ಲಲ್ಲ ಅಮ್ಮಾವ್ರೆ, ಅರಳಿ ಸಸಿ. ಬೇರು ದಪ್ಪ ಆದ್ರೆ ಗೋಡೇನೇ ಬಿರೀತದೆ."

ಅವಳ ಕಿವಿ ಕೆಂಪಾಯಿತು. ಅವನು ಗೋಡೆ ನೋಡುವವನಂತೆ ನಟಿಸುತ್ತ ಅದನ್ನೇ ನೋಡಿದ.

ಅದು 1956ರ ಮಳೆಗಾಲ. ನವೆಂಬರಿನಲ್ಲಿ ಕೊಡಗು ಮೈಸೂರಿಗೆ ಸೇರುವುದಿತ್ತು. ಯಾರಿಗೆ ಎಲ್ಲಿಗೆ ವರ್ಗವೋ ಎಂಬುದೇ ಕಚೇರಿಯ ಮಾತು. ಊಟದ ಹೊತ್ತಿಗೆ ಇಬ್ಬರೂ ಕೋಟೆ ಬಾಗಿಲ ಕಮಾನಿನಡಿ ಕೂರತೊಡಗಿದರು. ಕೆಳಗೆ ಪೇಟೆಯ ಬಸ್ಸುಗಳ ಹಾರ್ನ್, ಇಲ್ಲಿ ಪಾಚಿಗಟ್ಟಿದ ಕಲ್ಲಿನ ತಂಪು.

"ಇಷ್ಟು ದಪ್ಪ ಗೋಡೆ ಯಾಕೆ ಕಟ್ಟಿದ್ರೋ?"

"ಹೊರಗಿನೋರು ಒಳಗೆ ಬರಬಾರ್ದು ಅಂತ."

"ನೀವು ಬಂದ್ರಲ್ಲ!"

"ನಾನು ಆರ್ಡರ್ ತಗೊಂಡು ಬಂದೋನು."

ಅವಳು ನಕ್ಕಳು. ನಕ್ಕದ್ದು ತಪ್ಪೆಂಬಂತೆ ತಟ್ಟನೆ ಬಾಯಿಗೆ ಸೆರಗು ಹಿಡಿದಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅತ್ತೆ ಗುರುಸಿದ್ದಮ್ಮನನ್ನು ಶನಿವಾರಸಂತೆಯಿಂದ ಕರೆತಂದು ಮಡಿಕೇರಿಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ; ಬೇರೆ ಮಕ್ಕಳೂ ಇರಲಿಲ್ಲ.

ಅಕ್ಟೋಬರಿನಲ್ಲಿ ಪುಟ್ಟಸ್ವಾಮಿಗೆ ಶಿವಮೊಗ್ಗಕ್ಕೆ ವರ್ಗವಾಯಿತು.

"ನನ್ನ ಮದ್ವೆ ಆಗಿ ಜೊತೇಲಿ ಬರ್ತೀರಾ?"

"ಬರ್ತೀನಿ. ಅತ್ತೇನೂ ಬರ್ತಾರೆ."

ಜಾತಿಯ ಮಾತಿಗೆ, ವಿಧವೆಯೆಂಬ ಮಾತಿಗೆ ಅವನು ಉತ್ತರ ಸಿದ್ಧ ಮಾಡಿಕೊಂಡಿದ್ದ. ಇದಕ್ಕೆ ಇರಲಿಲ್ಲ. "ಅಮ್ಮನ್ನ ಕೇಳ್ಕೊಂಡು ಬರ್ತೀನಿ" ಎಂದ.

ಭಾನುವಾರ ಕುಶಾಲನಗರದ ಮನೆಯಲ್ಲಿ ತಾಯಿ ಹುಚ್ಚಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ಜಾತಿ ಬೇರೆ ಅಂದೆ, ಗಂಡ ಸತ್ತೋಳು ಅಂದೆ. ಆಗ್ಲಿ ಕಣಪ್ಪ. ಆ ಸತ್ತೋನ ತಾಯಿ ನಮ್ಮನೇಲಿ ಕೂತ್ರೆ, ಅವ್ಳು ನಿನ್ನ ಹೆಂಡ್ತೀನೋ ಅವನ ಹೆಂಡ್ತೀನೋ?"

ಅವನಿಗೆ ಅದೇ ಪ್ರಶ್ನೆ ತನ್ನೊಳಗೂ ಇದ್ದುದು ಆಗ ತಿಳಿಯಿತು.

ಮರುದಿನ ಕೋಟೆಗೆ ಬಂದು ಏನನ್ನೂ ಮುಚ್ಚಿಡದೆ ಹೇಳಿದ. ಕಾಂತಮ್ಮ ಬುತ್ತಿ ಬದಿಗಿಟ್ಟಳು.

"ಅತ್ತೆಗೆ ಹೇಳಿದ್ರೆ, 'ನನ್ನ ಬಿಟ್ಟು ನೀನು ಹೋಗು' ಅಂತಾರೆ. ಅದಕ್ಕೇ ನಾನು ಹೇಳಿಲ್ಲ."

"ಒಂದೆರಡು ವರ್ಷ ಕಾಯೋಣ್ವಾ?"

"ಯಾವುದಕ್ಕೆ? ಅವರು ಸಾಯ್ಲಿ ಅಂತಾನಾ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಆ ಕೈಗಳನ್ನು ಮೆಲ್ಲಗೆ ಸರಿಸಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ನೀವು ಬಂದು ಎದುರಿಗೇ ಹೇಳಿದ್ರಿ, ಸಾಕು. ನಂಗೆ ನಿಮ್ಮ ಮೇಲೆ ಆಸೆ ಇತ್ತು. ಈಗ್ಲೂ ಇದೆ. ಅದನ್ನ ತಿಳ್ಕೊಂಡೇ ಶಿವಮೊಗ್ಗದ ಬಸ್ ಹತ್ತಿ."

ಹೊರಗೆ ಸೋನೆ ಹಿಡಿದಿತ್ತು. ಅವನು ತಲೆಗೆ ಟವಲ್ ಹಾಕಿಕೊಂಡು ಇಳಿಯತೊಡಗಿದ. ಕಾಂತಮ್ಮ ಹಿಂದಿನಿಂದ ಬಂದು ತನ್ನ ಛತ್ರಿಯನ್ನು ಇಬ್ಬರ ಮೇಲೂ ಹಿಡಿದಳು. ಬಸ್ ಸ್ಟ್ಯಾಂಡಿನ ದಾರಿಯುದ್ದಕ್ಕೂ ಅಂಗಡಿಯವರು ಹೊರಗೆ ಬಂದು ನೋಡಿದರು. ಅವಳು ಛತ್ರಿ ಸರಿಸಲಿಲ್ಲ.