ಚಂದ್ರಿಕೆಗೆ ಮೊದಲ ಹುಳ

ಸರಸರ, ಸರಸರ. ಹೆಂಚಿನ ಮೇಲೆ ತೆಳ್ಳನೆಯ ಮಳೆ ಬಿದ್ದ ಹಾಗೆ ಸದ್ದು. ಮುನಿರತ್ನಳಿಗೆ ಎಚ್ಚರವಾಯಿತು. ಊರು ಮಲಗಿ ಎಷ್ಟೋ ಹೊತ್ತಾಗಿತ್ತು. ಅಂಗಳದ ತಂತಿಯ ಮೇಲೆ ತನ್ನ ಸೀರೆ, ಮನೆಯವರ ಹೊದಿಕೆಗಳೆಲ್ಲ ಇರುವುದು ನೆನಪಾಗಿ ಬರಿಗಾಲಿನಲ್ಲೇ ಹೊರಗೆ ಓಡಿದಳು.

ಬಟ್ಟೆಗಳನ್ನೆಲ್ಲ ಎಳೆದು ಎದೆಗೊತ್ತಿಕೊಂಡ ಮೇಲೆ ಗೊತ್ತಾಯಿತು, ಕಾಲ ಕೆಳಗಿನ ಮಣ್ಣು ಒಣಗಿತ್ತು. ತಲೆಯೆತ್ತಿದರೆ ಆಕಾಶದ ತುಂಬ ನಕ್ಷತ್ರ.

ಬೇಲಿಯ ಹತ್ತಿರ ಸೈಕಲ್ ನಿಂತಿತು. ಹೊಸೂರಿನ ಫ್ಯಾಕ್ಟರಿಯಿಂದ ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ಆ ಮನೆಯ ಮಗ ಚೆನ್ನಕೇಶವ, ಊಟದ ಡಬ್ಬಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ.

"ಇಷ್ಟೊತ್ನಲ್ಲಿ ಬಟ್ಟೆ ಗಂಟು ಎತ್ಕಂಡು ಎಲ್ಲಿಗೆ ಹೊರಟ್ರಿ? ವಿಮಾನ ಏನಾದ್ರೂ ಬಂತಾ?"

"ಮಳೆ ಬಂತು ಅಂತ..."

ಅವನು ಆಕಾಶ ನೋಡಿದ. ಅವಳನ್ನು ನೋಡಿದ. ಮತ್ತೊಮ್ಮೆ ಆಕಾಶವನ್ನು, ಈ ಸಲ ಬೇಕೆಂದೇ ನಿಧಾನವಾಗಿ, ಮೂಲೆಯಿಂದ ಮೂಲೆಗೆ ನೋಡಿದ. "ನಿಮ್ಮ ಗೌಹಾಟಿ ಕಡೆ ಮಳೆ ಹಿಂಗೇ ಬತ್ತದಾ, ನೀರಿಲ್ದೆ?"

"ಸದ್ದು ಕೇಳಿಸ್ತು. ಈಗಲೂ ಕೇಳಿಸ್ತಿದೆ."

ಅವನು ಕಿವಿಗೊಟ್ಟ. ಮುಖದಲ್ಲಿ ನಗು ಮೆಲ್ಲಗೆ ಹರಡಿತು. ಬಾ ಎಂದು ಕಣ್ಣಲ್ಲೇ ಕರೆದು ಹುಳದ ಮನೆಯ ಬಾಗಿಲಿಗೆ ಹೋಗಿ, ತಂಪಿಗೆಂದು ಕಟ್ಟಿದ್ದ ಒದ್ದೆ ಗೋಣಿಯನ್ನು ಒಂದು ಗೇಣು ಸರಿಸಿದ. ಟಾರ್ಚಿನ ಮೇಲೆ ಅಂಗೈ ಮುಚ್ಚಿದ್ದರಿಂದ ಬೆಳಕು ಅವನ ಬೆರಳ ಸಂದಿಯಿಂದ ಕೆಂಪಗೆ ಸೋರುತ್ತಿತ್ತು. ಒಂದರ ಮೇಲೊಂದು ಬಿದಿರಿನ ತಟ್ಟೆ. ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು. ಸೊಪ್ಪಿನ ಮೇಲೆ ಲೆಕ್ಕವಿಲ್ಲದಷ್ಟು ಬಿಳಿ ರೇಷ್ಮೆ ಹುಳು, ತಲೆ ಎತ್ತದೆ ತಿನ್ನುತ್ತಿದ್ದವು. ಮಳೆ ಅಲ್ಲಿತ್ತು.

"ನಾಲ್ಕನೇ ಜ್ವರ ಎದ್ದವೆ" ಎಂದ ಅವನು.

"ಜ್ವರಾನಾ ಇವಕ್ಕೆ?"

"ಪೊರೆ ಬಿಡೋಕೆ ಮುಂಚೆ ಊಟ ಬಿಟ್ಟು ಮಲಗ್ತವಲ್ಲ, ಅದ್ನ ನಾವು ಜ್ವರ ಅಂತೀವಿ. ಎದ್ದ ಮೇಲೆ ಹಗ್ಲೂ ರಾತ್ರಿ ಇದೇ ಸದ್ದು. ಸಾಕು, ಒಳಕ್ಕೆ ಕಾಲಿಡ್ಬೇಡಿ. ಹೊರಗ್ನೋರು ಬಂದ್ರೆ ಅಮ್ಮ ನನ್ನ ಹೊರಕ್ಕಾಕ್ತಾಳೆ."

ಅವಳು ಬಟ್ಟೆಗಳನ್ನು ಮತ್ತೆ ತಂತಿಗೆ ಹಾಕಿ ಬಂದು ಮಲಗಿದಳು. ಹೊರಗಿನವರು ಎಂದದ್ದರಲ್ಲಿ ತಪ್ಪೇನಿತ್ತು? ಅವಳು ಹೊರಗಿನವಳೇ. ಆದರೂ ಆ ಮಾತು ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ ಅತ್ತ ತಿರುಗಿದರೂ ಚುಚ್ಚಿತು, ಇತ್ತ ತಿರುಗಿದರೂ ಚುಚ್ಚಿತು.

ಅವಳು ಈ ಮನೆಗೆ ಬಂದದ್ದು ಬೇರೆ ದಾರಿ ಇಲ್ಲದೆ. ಬೆಂಗಳೂರಿನಲ್ಲಿ ಎಂ.ಎ. ಪರೀಕ್ಷೆ ಮುಗಿದ ದಿನವೇ ಹಾಸ್ಟೆಲಿಗೆ ಬೀಗ ಬಿತ್ತು. ಅದೇ ವಾರ ವಿಮಾನದ ಕೆಲಸಗಾರರ ಮುಷ್ಕರ ಶುರುವಾಗಿ ದೇಶದ ವಿಮಾನಗಳೆಲ್ಲ ನೆಲಕ್ಕೆ ಕೂತವು. ಅಪ್ಪ ರಾಮಚಂದ್ರಪ್ಪ ದೂರದ ಗೌಹಾಟಿಯ ಎಣ್ಣೆ ಕಾರ್ಖಾನೆಯಲ್ಲಿ ನೌಕರಿಗಿದ್ದರು. ಅಸ್ಸಾಮಿನಲ್ಲಿ ಚಳವಳಿ ನಡೆಯುತ್ತಿತ್ತು, ರೈಲು ಎಲ್ಲಿ ಎಷ್ಟು ದಿನ ನಿಲ್ಲುತ್ತದೋ ಹೇಳುವವರಿರಲಿಲ್ಲ. "ಒಬ್ಬಳೇ ರೈಲು ಹತ್ತಬೇಡ" ಎಂದು ಅಪ್ಪ ಟ್ರಂಕ್ ಕಾಲಿನಲ್ಲಿ ಕೂಗಿದ್ದರು. "ಡೆಂಕಣಿಕೋಟೆ ರಸ್ತೆಯಲ್ಲಿ ನನ್ನ ಸ್ಕೂಲಿನ ಗೆಳೆಯನ ಮನೆ ಇದೆ. ಅವನು ತೀರ್ಕೊಂಡ, ಅವನ ಹೆಂಡತಿ ಲಕ್ಷ್ಮಿದೇವಮ್ಮ ಇದ್ದಾರೆ. ಅಲ್ಲಿರು."

ಲೈನು ಕಡಿಯುವ ಮೊದಲು ಇನ್ನೊಂದು ಮಾತನ್ನೂ ಹೇಳಿದ್ದರು. ಅಸ್ಸಾಮಿನದೇ ಡಿಗ್ಬಾಯಿ ಊರಿನ ಎಂಜಿನಿಯರ್ ಹುಡುಗ ಅವಳು ಬಂದ ಕೂಡಲೇ ನೋಡಲು ಬರುತ್ತಾನೆ. ಒಪ್ಪಿಗೆಯಾದರೆ ತಿಂಗಳೊಳಗೆ ಲಗ್ನ. ಅವಳು "ನೋಡೋಣ ಅಪ್ಪ" ಎಂದಿದ್ದಳು. ಹೌದೂ ಅಲ್ಲದ, ಇಲ್ಲವೂ ಅಲ್ಲದ ಆ ಮಾತನ್ನು ಅಪ್ಪ ಹೌದೆಂದೇ ಕೇಳಿಸಿಕೊಂಡಿದ್ದರು.

ಬೆಳಗಾದರೆ ಅವಳು ಬಸ್ಸು ಹಿಡಿದು ಹೊಸೂರಿಗೆ ಹೋಗಿ, ಪೋಸ್ಟಾಫೀಸಿನಿಂದ ಬೆಂಗಳೂರಿನ ವಿಮಾನದ ಆಫೀಸಿಗೆ ಫೋನು ಮಾಡಿಸುತ್ತಿದ್ದಳು. ಕೌಂಟರಿನವರು ರಿಸೀವರ್ ಇಟ್ಟು, "ನಾಳೈಕ್ಕಿ ವಾಂಗಮ್ಮಾ" ಎನ್ನುತ್ತಿದ್ದರು. ನಾಳೆ ಬನ್ನಿ. ಹಾಗೆಂದಾಗ ಎದೆಯಲ್ಲಿ ಏನೋ ಹಗುರಾಗುತ್ತಿತ್ತು. ಅದು ನಿರಾಸೆಯಲ್ಲ ಎಂದು ಗೊತ್ತಾಗುತ್ತಿತ್ತು. ಏನೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಲಕ್ಷ್ಮಿದೇವಮ್ಮ ಮೊದಮೊದಲು ಅವಳನ್ನು ಹುಳದ ಮನೆಯ ಹತ್ತಿರಕ್ಕೂ ಸೇರಿಸಲಿಲ್ಲ. ಆಮೇಲೆ, ಸೊಪ್ಪು ತರುವ ಕೂಲಿಯವಳು ಬಾರದ ದಿನ, "ತಲೆಗೆ ನೀರಾಕ್ಕೊಂಡು ಬಾ ಮಗಳೆ. ಪೌಡ್ರು ಗೀಡ್ರು ಬ್ಯಾಡ, ಹುಳಕ್ಕೆ ವಾಸನೆ ಆಗಲ್ಲ" ಎಂದು ಒಳಗೆ ಕರೆದರು. ಆವತ್ತಿನಿಂದ ಸೊಪ್ಪು ಹರಡುವುದು ಅವಳ ಕೆಲಸವಾಯಿತು.

ಪಕ್ಕದ ಮನೆಯ ಕದಿರಮ್ಮ ಬೇಲಿಯ ಮೇಲಿಂದ ಕತ್ತು ಚಾಚಿದರು. "ಯಾರಮ್ಮಿ ಈ ಹುಡ್ಗಿ? ಹೋಗೋ ಹಂಗೇ ಕಾಣಲ್ಲ."

"ವಿಮಾನ ನಿಂತೋಗೈತೆ ಕಣೆ. ಅದಕ್ಕೇ ನಮ್ಮನೇಲವ್ಳೆ."

"ಅಲ್ಲೆಲ್ಲೋ ವಿಮಾನ ನಿಂತ್ರೆ ನಿಮ್ಮನೆ ಯಾವಾಗ್ಲಿಂದ ಬಸ್ ಸ್ಟಾಂಡ್ ಆಯ್ತು? ಕೇಶವಂಗೆ ಹೇಳು, ಟಿಕೆಟ್ ಹರೀಲಿ."

ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದ ಚೆನ್ನಕೇಶವ ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಮುನಿರತ್ನ ಅದನ್ನು ನೋಡಿದಳು. ನೋಡಿದ್ದನ್ನು ಅವನೂ ನೋಡಿದ. ಆಮೇಲೆ ಇಬ್ಬರಿಗೂ ಬಾವಿಯ ರಾಟೆಯಲ್ಲಿ ಎಂದೂ ಇಲ್ಲದ ಆಸಕ್ತಿ ಬಂತು.

ಅವನಲ್ಲಿ ಅವಳಿಗೆ ಏನೂ ಅರ್ಥವಾಗುತ್ತಿರಲಿಲ್ಲ. "ಇವತ್ತೂ ವಿಮಾನ ಇಲ್ವಂತೆ" ಎಂದು ಅವನು ಹೇಳುವಾಗ ದನಿಯಲ್ಲಿ ಮರುಕವಿರುತ್ತಿತ್ತು, ಕಣ್ಣಲ್ಲಿ ಇರುತ್ತಿರಲಿಲ್ಲ. ಒಮ್ಮೆ ಹೊಸೂರಿನಿಂದ ಮಲ್ಲಿಗೆ ತಂದು ಅಮ್ಮನ ಕೈಗೆ ಕೊಟ್ಟ. "ಹುಳದ ಮನೆಗೆ ಹೂವ ತತ್ತೀಯಲ್ಲ, ಬುದ್ಧಿ ಐತೇನ್ಲಾ?" ಎಂದು ಬೈಸಿಕೊಂಡ. ಆ ಹೂವು ರಾತ್ರಿ ಮುನಿರತ್ನಳ ಟ್ರಂಕಿನ ಮೇಲೆ ಇತ್ತು. ಇಟ್ಟವರು ಅವನೋ ಅವನ ಅಮ್ಮನೋ, ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಒಂದು ಸಂಜೆ ಅವನು ಶಿಫ್ಟು ಬಿಟ್ಟು ಬೇಗ ಬಂದ. ಅವಳು ಅಂಗಳದಲ್ಲಿ ಚಂದ್ರಿಕೆಗಳನ್ನು ಒರೆಸುತ್ತಿದ್ದಳು. ಆಳೆತ್ತರದ ಬಿದಿರಿನ ಚಾಪೆ, ಅದರ ಮೇಲೆ ಸುತ್ತುಸುತ್ತಾಗಿ ಹೆಣೆದ ಬಿದಿರಿನ ಗೋಡೆ. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಆಯ್ದು ಇಡುವುದು ಇದರ ಮೇಲೆ. ಅವು ಗೂಡು ಕಟ್ಟುವುದು ಆ ಸುತ್ತುಗಳ ನಡುವೆ.

"ರೇಡಿಯೋದಲ್ಲಿ ಹೇಳಿದ್ರು" ಎಂದ ಅವನು. "ಮುಷ್ಕರ ಮುಗೀತಂತೆ. ನಾಳಿದ್ದಿಂದ ಹಾರ್ತವಂತೆ. ನಾಳೆ ಬೆಂಗಳೂರಿಗೆ ಕರ್ಕಂಡೋಗ್ತೀನಿ. ಟಿಕೆಟ್ ಸರಿ ಮಾಡ್ಸಣ."

"ಸಂತೋಷ" ಎಂದಳು ಅವಳು.

"ಹೂಂ. ಸಂತೋಷ."

"ನಿಮಗೂ ಒಂದು ಜವಾಬ್ದಾರಿ ಕಳೀತು."

"ಯಾರಂದ್ರು ಜವಾಬ್ದಾರಿ ಅಂತ?"

"ಹೊರಗಿನವರು ಮನೇಲಿದ್ರೆ ಜವಾಬ್ದಾರಿ ತಾನೆ?"

ಅವನು ಚಂದ್ರಿಕೆಯ ಇನ್ನೊಂದು ತುದಿ ಹಿಡಿದ. "ಆ ಮಾತ್ನ ಇನ್ನೂ ಮಡಿಕ್ಕಂಡಿದ್ದೀರಾ? ನಾನೇನೋ ಹುಳಕ್ಕೆ ಅಂತ ಅಂದೆ."

"ಹುಳಕ್ಕೆ ಹೊರಗಿನವಳು. ಸರಿ. ಮನೆಯವರಿಗೆ?"

ಬಾಯಿಂದ ಮಾತು ಹೊರಟ ಮೇಲೆ ಅವಳೇ ಬೆಚ್ಚಿದಳು. ಅವನು ಚಂದ್ರಿಕೆಯನ್ನು ಎತ್ತಿ ಗೋಡೆಗೆ ಒರಗಿಸಿ, "ಡಿಗ್ಬಾಯಿ ಅಂದ್ರೆ ಗೌಹಾಟಿಗೆ ಹತ್ರಾನಾ?" ಎಂದು ಕೇಳಿದ.

ಅವಳು ಲಕ್ಷ್ಮಿದೇವಮ್ಮನಿಗೆ ಹೇಳಿದ್ದು ಅವನಿಗೂ ತಲುಪಿರಬೇಕು. "ದೂರ" ಎಂದಳು. ಅವಳಿಗೆ ಕೋಪ ಬಂತು. ಅವನು ಕೇಳಿದ್ದಕ್ಕೋ, ಮುಂದೆ ಏನೂ ಕೇಳದಿದ್ದಕ್ಕೋ, ಮುಗಿಯಬಾರದ ಹೊತ್ತಿಗೆ ಮುಗಿದ ಆ ಹಾಳು ಮುಷ್ಕರಕ್ಕೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಕು ಹರಿಯುವಾಗ ಲಕ್ಷ್ಮಿದೇವಮ್ಮ ತಲೆಗೆ ಸ್ನಾನ ಮಾಡಲು ಬಚ್ಚಲಿಗೆ ಹೋಗಿದ್ದರು. ಮುನಿರತ್ನ ಆಗಲೇ ಮಿಂದು ಪ್ರಯಾಣದ ಸೀರೆ ಉಟ್ಟಿದ್ದಳು. ಕೊನೆಯದಾಗಿ ಒಮ್ಮೆ ನೋಡಿಬರೋಣ ಎಂದು ಹುಳದ ಮನೆಯೊಳಗೆ ಬಂದಳು. ಸದ್ದು ಅಡಗಿತ್ತು. ಬಹಳ ಹುಳುಗಳು ಸೊಪ್ಪು ಬಿಟ್ಟು ಸುಮ್ಮನಿದ್ದವು. ಮೇಲಿನ ತಟ್ಟೆಯ ಅಂಚಿನಲ್ಲಿ ಒಂದೇ ಒಂದು, ಮೈಯೆಲ್ಲ ಗಾಜಿನಂತೆ ತಿಳಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಹುಡುಕುತ್ತ ಅಂಚಿನಾಚೆ ಜಾರಿತು.

ಅವಳು ಅಂಗೈ ಒಡ್ಡಿದಳು. ತಣ್ಣಗೆ, ಮೆತ್ತಗೆ ಬಂದು ಬಿತ್ತು. ಬಾಗಿಲ ಬಳಿ ನಿಲ್ಲಿಸಿದ್ದ ಚಂದ್ರಿಕೆಯ ಸುತ್ತಿನೊಳಗೆ ಅದನ್ನು ಮೆಲ್ಲಗೆ ಇಟ್ಟಳು. ಅದು ಒಮ್ಮೆ ಅತ್ತ, ಒಮ್ಮೆ ಇತ್ತ ತಲೆಯಾಡಿಸಿ ಬಿದಿರಿಗೆ ಬಾಯಿ ತಾಗಿಸಿತು. ಕಾಣುವುದೋ ಇಲ್ಲವೋ ಎನ್ನುವಂಥ ಒಂದು ಎಳೆ ಹೊರಬಂತು.

ತಿರುಗಿದರೆ ಬಾಗಿಲಲ್ಲಿ ಚೆನ್ನಕೇಶವ. ಬಿಸಿಲಿಗೆ ಬಂದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ.

"ಏನಾಯ್ತು? ಬೀಳ್ತಿತ್ತು, ಅದಕ್ಕೇ ಎತ್ತಿಟ್ಟೆ."

"ಒಂದೇನಾ ಇಟ್ಟಿದ್ದು?"

"ಒಂದೇ ಹಣ್ಣಾಗಿದ್ದು. ಯಾಕೆ?"

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ನಮ್ಮನೇಲಿ ಮೊದಲ್ನೇ ಹಣ್ಣು ಹುಳಾನ ಚಂದ್ರಿಕೆಗೆ ಸೊಸೆ ಇಡ್ಬೇಕು. ಅಜ್ಜಿ ಇಡ್ತಿದ್ಳು. ಅಮ್ಮ ಮದ್ವೆಯಾಗಿ ಬಂದ್ಮೇಲೆ ಅಮ್ಮ ಇಡ್ತಾ ಅವ್ಳೆ. ಬೇರೆ ಕೈ ಇವತ್ತಿನವರ್ಗೂ ಮುಟ್ಟಿಲ್ಲ. ಅದಕ್ಕೇ ಅಮ್ಮ ಈಗ ತಲೆಗೆ ನೀರಾಕ್ಕೊಳ್ತಾ ಇರೋದು."

ಅವಳ ಕೈ ತಾನಾಗಿ ಸೆರಗಿನೊಳಗೆ ಹೋಯಿತು. "ತೆಗೆದುಬಿಡ್ತೀನಿ. ಅವರು ಬರೋದ್ರೊಳಗೆ..."

"ದಾರ ಹಚ್ಚೈತೆ ನೋಡಿ. ಈಗ ತೆಗೆದ್ರೆ ಕಿತ್ತೋಗ್ತದೆ."

"ನೀವು ಯಾವಾಗ ಬಂದ್ರಿ?"

"ನೀವು ಕೈ ಒಡ್ಡಿದಾಗ."

"ಆಗ್ಲೇ ಹೇಳಬಹುದಿತ್ತಲ್ಲ. ಯಾಕೆ ತಡೀಲಿಲ್ಲ?"

ಅವನು ಚಂದ್ರಿಕೆಯನ್ನು ನೋಡಿದ, ನೆಲ ನೋಡಿದ.

"ತಡೀಬೇಕು ಅನ್ನಿಸ್ಲಿಲ್ಲ" ಎಂದ.

ಅಷ್ಟೇ. ಇಷ್ಟು ದಿನ ಅವನ ಪ್ರತಿ ನೋಟಕ್ಕೂ ಎರಡು ಮೂರು ಅರ್ಥ ಹಚ್ಚಿ ಸುಸ್ತಾಗಿದ್ದವಳಿಗೆ ಈ ಒಂದು ಮಾತಿಗೆ ಒಂದೇ ಅರ್ಥ ಕಂಡಿತು. ಕಂಡರೂ ತಲೆಯೊಳಗಿನ ಗೊಂದಲ ತೀರಲಿಲ್ಲ.

ಹೆಜ್ಜೆ ಸದ್ದಾಯಿತು. ಲಕ್ಷ್ಮಿದೇವಮ್ಮ ಒದ್ದೆ ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಅರಿಸಿನದ ಬಟ್ಟಲು ಹಿಡಿದು ಬಂದರು. ತಟ್ಟೆಗೆ ಕೈ ಮುಗಿದು, ಹಣ್ಣಾಗುತ್ತಿದ್ದ ಒಂದು ಹುಳುವನ್ನು ಹುಡುಕಿ ಎತ್ತಿ ಚಂದ್ರಿಕೆಯತ್ತ ತಿರುಗಿದರು. ಕೈ ಅಲ್ಲೇ ನಿಂತಿತು.

"ಇದ್ಯಾರು ಇಟ್ಟೋರು?"

"ನಾನೇ ಕಣಮ್ಮ" ಎಂದ ಚೆನ್ನಕೇಶವ. "ಬಿದ್ದೋಗ್ತಿತ್ತು. ಬೈಕೊ ನನ್ನ."

ಅದು ಸಾಕಿತ್ತು. ಅವನಿಗೆ ಎರಡು ಬೈಗುಳ, ಅವಳಿಗೆ ಬೆಂಗಳೂರಿನ ಬಸ್ಸು. ಮುಂದೆ ವಿಮಾನ, ಗೌಹಾಟಿ, ಡಿಗ್ಬಾಯಿಯ ಹುಡುಗನ ಎದುರು ಟ್ರೇ ಹಿಡಿದು ನಿಲ್ಲುವುದು. ಸುಮ್ಮನಿದ್ದರೆ ಎಲ್ಲ ತಾನಾಗಿ ನಡೆದುಹೋಗುತ್ತಿತ್ತು. "ನೋಡೋಣ" ಎಂದು ಹೇಳುವ ಕಷ್ಟವೂ ಇರಲಿಲ್ಲ.

"ಅವರಲ್ಲ" ಎಂದಳು ಮುನಿರತ್ನ. "ನಾನು."

ಲಕ್ಷ್ಮಿದೇವಮ್ಮ ಮಗನ ಮುಖ ನೋಡಲಿಲ್ಲ, ಅವಳದನ್ನೇ ನೋಡಿದರು. "ಗೊತ್ತಿಲ್ದೆ ಇಟ್ಟಿದ್ದೀಯ. ತಪ್ಪಿಲ್ಲ ಬಿಡು ಮಗಳೆ."

"ಇಡೋವಾಗ ಗೊತ್ತಿರಲಿಲ್ಲ." ಅವಳು ಮಾತನ್ನು ತೂಗಿ ತೂಗಿ ಹೇಳಿದಳು. "ಈಗ ಗೊತ್ತಿದೆ. ಅದು ನನ್ನದಲ್ಲ ಅಂತ ನನಗೆ ಹೇಳೋಕೆ ಆಗ್ತಿಲ್ಲ."

ಲಕ್ಷ್ಮಿದೇವಮ್ಮ ತಮ್ಮ ಕೈಯಲ್ಲಿದ್ದ ಹುಳುವನ್ನು ಮೊದಲನೆಯದರ ಪಕ್ಕದ ಸುತ್ತಿಗೆ ಇಟ್ಟರು. ಅರಿಸಿನದ ಬೊಟ್ಟನ್ನು ಚಂದ್ರಿಕೆಯ ಮೂಲೆಗೆ ಇಟ್ಟು, ಅದೇ ಬೆರಳನ್ನು ಅವಳ ಕೆನ್ನೆಗೆ ಒರೆಸಿದರು.

"ನಿಮ್ಮಪ್ಪಂಗೆ ಯಾರು ಹೇಳೋದು?"

"ನಾನೇ ಹೋಗಿ ಹೇಳ್ತೀನಿ. ಎದುರಿಗೆ ನಿಂತು ಹೇಳ್ಬೇಕು."

"ಹೋಗೋದಂತೂ ಹೋಗ್ತೀರಲ್ಲ" ಎಂದ ಚೆನ್ನಕೇಶವ ಬಾಗಿಲಿನಿಂದ. ದನಿ ಒರಟಾಗಿತ್ತು. "ಅಲ್ಲಿ ಹೋದ್ಮೇಲೆ ಮನಸು ಬದಲಾದ್ರೆ?"

"ಬದಲಾದ್ರೆ ಬರಲ್ಲ. ಬದಲಾಗದಿದ್ರೆ ಬರ್ತೀನಿ."

"ಇದೇನು ಉತ್ತರ?"

"ಇವತ್ತು ನನ್ನ ಹತ್ತಿರ ಇರೋದು ಇಷ್ಟೇ ರೀ." ಅವಳಿಗೆ ಅಳು ಬರುವಂತಿತ್ತು, ನಗುವೂ ಬರುವಂತಿತ್ತು. "ಮತ್ತೆ ಮುಷ್ಕರ ಆಗದಿದ್ರೆ ಸಾಕು."

ಅವನು ಕೊನೆಗೂ ನಕ್ಕ. "ಆದ್ರೆ ನಾನೇ ರೈಲು ಹತ್ಕಂಡು ಬತ್ತೀನಿ. ಎಲ್ಲಿ ನಿಲ್ಲಿಸ್ತಾರೋ ಅಲ್ಲಿಂದ ನಡ್ಕಂಡು."

"ಬಾಯಲ್ಲೇ ಗೌಹಾಟಿ ಮುಟ್ಟಿದ್ದು ಸಾಕು, ಟ್ರಂಕ್ ಎತ್ಕಳ್ಲಾ, ಬಸ್ಸೋಗ್ತದೆ" ಎಂದರು ಅವನಮ್ಮ.

ಅವರು ಅಂಗಳಕ್ಕೆ ಬಂದಾಗ ಕದಿರಮ್ಮ ಆಗಲೇ ಬೇಲಿಯ ಬಳಿ ಇದ್ದರು. ಟ್ರಂಕು ನೋಡಿದರು, ಹುಡುಗಿಯ ಕೆನ್ನೆಯ ಮೇಲಿನ ಅರಿಸಿನ ನೋಡಿದರು. "ಹುಳ ಹಣ್ಣಾದ್ವೇನೆ ಲಕ್ಷ್ಮಿದೇವಿ? ಈ ಸಲ ಮೊದಲ್ನೇದು ಯಾರು ಇಟ್ಟಿದ್ದು?"

ಮುನಿರತ್ನ ಸೆರಗನ್ನು ಕೆನ್ನೆಯತ್ತ ಎಳೆದುಕೊಂಡಳು. ಒಂದು ಮಾತು ಸಾಕಿತ್ತು. ಮಧ್ಯಾಹ್ನದೊಳಗೆ ಊರೆಲ್ಲ ಅವಳನ್ನು ಸೊಸೆ ಮಾಡಿಬಿಡುತ್ತಿತ್ತು. ಅಲ್ಲಿಗೆ ಹೋದವಳು ಬಾರದಿದ್ದರೆ ಅದೇ ಊರು ಈ ಮನೆಯನ್ನು ನೋಡಿ ನಗುತ್ತಿತ್ತು.

ಲಕ್ಷ್ಮಿದೇವಮ್ಮ ತಲೆಯ ಟವೆಲು ಬಿಚ್ಚಿ ಒದ್ದೆ ಕೂದಲನ್ನು ಜಾಡಿಸಿದರು.

"ಇನ್ಯಾರೆ ಇಡ್ತಾರೆ ನಮ್ಮನೇಲಿ? ನಾನೇ" ಎಂದರು.

ಮುನಿರತ್ನ ಅವರತ್ತ ತಿರುಗಿದಳು. ಆ ಮುಖದಲ್ಲಿ ಸುಳ್ಳು ಹೇಳಿದ ಗುರುತೇ ಇರಲಿಲ್ಲ. ಅದು ಇಂದಿಗಷ್ಟೇ ಆಡಿದ ಮಾತಲ್ಲ ಎಂದು ಅವಳಿಗೆ ತಿಳಿಯಿತು. ತಾನು ಹಿಂತಿರುಗಿ ಬಂದರೂ ಬಾರದಿದ್ದರೂ, ಈ ಬೆಳಗ್ಗೆ ಹುಳದ ಮನೆಯಲ್ಲಿ ನಡೆದದ್ದನ್ನು ಆ ತಾಯಿ ಇನ್ನು ಯಾರಿಗೂ ಹೇಳುವುದಿಲ್ಲ.